ಕೌನ್ಸಿಲರ್ ಕುರ್ಚಿಯ ಕಥೆ

ನಿಮ್ಮ ಎಂಎಲ್‌ಎ ಯಾರು ಅಂತ ಕೇಳಿದ್ರೆ ಬೆಂಗಳೂರಿನಲ್ಲಿ ಬಹಳಷ್ಟು ಜನ ಥಟ್ಟನೆ ಹೇಳ್ತಾರೆ. ನಿಮ್ಮ ವಾರ್ಡ್ ಯಾವುದು, ಅಲ್ಲಿ ಕೊನೆಯದಾಗಿ ಕೌನ್ಸಿಲರ್ ಆಗಿದ್ದವರು ಯಾರು ಅಂತ ಕೇಳಿ ನೋಡಿ, ತಡವರಿಸ್ತಾರೆ. ಪೂರ್ತಿ ಅವರ ತಪ್ಪೇನಲ್ಲ ಬಿಡಿ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿಯ 198 ಕೌನ್ಸಿಲರ್‌ಗಳ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಆದರೆ ಈ ಕುರ್ಚಿ ಸೊರಗೋಕೆ ಶುರುವಾಗಿದ್ದು 2020ರಲ್ಲಲ್ಲ, ಅದಕ್ಕೂ ಬಹಳ ಹಿಂದೆ.

ಮೊದಲಿಂದ ನೋಡೋಣ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಅಂತ ಬೆಂಗಳೂರಿಗೆ ಎರಡು ಮುನಿಸಿಪಲ್ ಬೋರ್ಡ್‌ಗಳು ಬಂದವು. ಪೇಟೆಯ ಬೋರ್ಡಿಗೆ ಒಂಬತ್ತೇ ಸದಸ್ಯರು. ಅವರನ್ನು ಆರಿಸಿದ್ದು ಊರಿನ ಜನರಲ್ಲ, ಸರ್ಕಾರ. 1882ರಲ್ಲಿ ವೈಸ್‌ರಾಯ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ ಕಾಲಕ್ಕೆ ಚುನಾವಣೆಯ ಮಾತು ಬಂತು. ಆದರೆ ಮತ ಸಿಕ್ಕಿದ್ದು ಆಸ್ತಿಪಾಸ್ತಿ ಇದ್ದವರಿಗೆ ಮಾತ್ರ. 1913ರಲ್ಲಿ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು ಸಿಟಿ ಮುನಿಸಿಪಾಲಿಟಿಯ ಅಧ್ಯಕ್ಷರಾದರು. ಜೆ.ಸಿ. ರಸ್ತೆಯ ಟೌನ್ ಹಾಲಿಗೆ ಇರೋದು ಅವರದೇ ಹೆಸರು. ಎಷ್ಟೋ ಪ್ರತಿಭಟನೆಗಳಿಗೆ ಜನ ಸೇರಿದ್ದು ಆ ಮೆಟ್ಟಿಲುಗಳ ಮೇಲೆ. ಹೆಸರು ಯಾರದು ಅಂತ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

1949ರಲ್ಲಿ ಪೇಟೆ, ದಂಡು ಒಂದಾಗಿ ಬೆಂಗಳೂರು ಸಿಟಿ ಕಾರ್ಪೊರೇಷನ್ ಆಯಿತು. ಕೌನ್ಸಿಲರ್‌ಗಳು ಬಂದರು, ಮೇಯರ್ ಬಂದರು. ಇನ್ನು ಊರಿನ ಕೆಲಸವೆಲ್ಲ ಜನರ ಪ್ರತಿನಿಧಿಗಳ ಕೈಗೆ ಬರುತ್ತೆ ಅಂತ ಅನ್ನಿಸಬೇಕಾದ ಹೊತ್ತು. ಆಗಿದ್ದು ಉಲ್ಟಾ. ಬಡಾವಣೆ ಮಾಡೋ ಕೆಲಸಕ್ಕೆ 1945ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದಿತ್ತು. 1976ರಲ್ಲಿ ಅದೇ ಬಿಡಿಎ ಆಯಿತು. ನೀರು, ಒಳಚರಂಡಿಗೆ 1964ರಲ್ಲಿ ಜಲಮಂಡಳಿ ಬಂತು. ಬಸ್ಸಿಗೆ ಬಿಎಂಟಿಸಿ, ಕರೆಂಟಿಗೆ ಬೆಸ್ಕಾಂ. ಇವೆಲ್ಲ ಉತ್ತರ ಕೊಡೋದು ರಾಜ್ಯ ಸರ್ಕಾರಕ್ಕೆ, ಕೌನ್ಸಿಲ್‌ಗಲ್ಲ.

ಹಾಗಾಗಿ ಕೌನ್ಸಿಲರ್ ಪಾಡು ವಿಚಿತ್ರ. ಬೀದಿಯಲ್ಲಿ ಪೈಪ್ ಒಡೆದರೆ ಜನ ಹೋಗೋದು ಅವರ ಮನೆ ಬಾಗಿಲಿಗೆ. ಅವರು ಫೋನ್ ಮಾಡೋದು ತಮ್ಮ ಮಾತು ಕೇಳಲೇಬೇಕು ಅಂತೇನೂ ಇಲ್ಲದ ಎಂಜಿನಿಯರ್‌ಗೆ. ಕಸ, ಚರಂಡಿ, ಬೀದಿದೀಪ, ಪಾರ್ಕ್, ಗಲ್ಲಿ ರಸ್ತೆ ಅವರ ಪಾಲಿಗೆ ಉಳಿದವು. ಬೈಗುಳ ಮಾತ್ರ ಎಲ್ಲದಕ್ಕೂ ಅವರಿಗೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇದನ್ನು ಸರಿಮಾಡಬೇಕಿತ್ತು. ಐದು ವರ್ಷದ ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆ ತೀರ್ಪು ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ನವೆಂಬರ್‌ನಲ್ಲೇ ನಮ್ಮ ಪಾಲಿಕೆಯ ಅವಧಿ ಮುಗಿದು ಅಧಿಕಾರಿಗಳ ಆಡಳಿತ ಶುರುವಾಯಿತು! ಚುನಾವಣೆ ನಡೆದಿದ್ದು 2010ರ ಮಾರ್ಚ್‌ನಲ್ಲಿ. 2020ರ ನಂತರವೂ ಅದೇ ಕಥೆ. 198 ಇದ್ದ ವಾರ್ಡುಗಳು 243 ಆದವು, 225 ಆದವು. 2025ರಲ್ಲಿ ಪಾಲಿಕೆ ಐದಾಗಿ ಒಡೆದು, ವಾರ್ಡುಗಳು 369 ಆದವು. ಪ್ರತಿ ಸಲ ಗಡಿ ಹೊಸದಾಗಿ ಗೀಚಿದಾಗಲೂ ಚುನಾವಣೆ ಮುಂದಕ್ಕೆ ಹೋಯಿತು.

ಅದೇ ತಿದ್ದುಪಡಿ ನಮಗೆ ಇನ್ನೊಂದನ್ನೂ ಕೊಟ್ಟಿತ್ತು: ವಾರ್ಡ್ ಸಮಿತಿ. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಇದು ಇರಲೇಬೇಕು. ಕರ್ನಾಟಕದಲ್ಲಿ ಪಾಲಿಕೆಗಳ ವಾರ್ಡ್ ಸಮಿತಿಗೆ ವಿವರವಾದ ನಿಯಮ ಬಂದಿದ್ದು 2016ರಲ್ಲಿ, ಅಂದ್ರೆ 23 ವರ್ಷ ತಡವಾಗಿ. ಕೌನ್ಸಿಲರ್ ಅಧ್ಯಕ್ಷರು, ಜೊತೆಗೆ ಹತ್ತು ಮಂದಿ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಂದು ಸಭೆ. ಕಸದ ಲಾರಿ ಯಾಕೆ ಬರ್ಲಿಲ್ಲ, ಈ ಬಿಲ್ ಯಾವ ಕೆಲಸದ್ದು ಅಂತ ನಿವಾಸಿಗಳ ಎದುರೇ ಕೇಳಬಹುದಾದ ಜಾಗ ಅದು. ಹಲವು ಕೌನ್ಸಿಲರ್‌ಗಳಿಗೆ ಇದು ಹಿಡಿಸಲಿಲ್ಲ, ಪ್ರತಿಸ್ಪರ್ಧಿಗಳನ್ನು ಪಕ್ಕದಲ್ಲೇ ಕೂರಿಸಿದ ಹಾಗೆ ಅನ್ನಿಸಿತು. ನಮಗೂ ಅಲ್ಲಿ ಹೋಗೋಕೆ ಪುರುಸೊತ್ತು ಇರಲಿಲ್ಲ ಅನ್ನಿ. 2010 ಮತ್ತು 2015ರ ಎರಡೂ ಪಾಲಿಕೆ ಚುನಾವಣೆಗಳಲ್ಲಿ ಅರ್ಧದಷ್ಟು ಮತದಾರರೂ ಬೂತಿಗೆ ಬರಲಿಲ್ಲ.

ಕೌನ್ಸಿಲರ್ ಇಲ್ಲದಿದ್ದರೆ ಏನು ನಷ್ಟ, ಆ್ಯಪ್‌ನಲ್ಲಿ ಫೋಟೋ ಹಾಕಿದ್ರೆ ಗುಂಡಿ ಮುಚ್ತಾರಲ್ವಾ ಅಂತ ಕೇಳಬಹುದು. ಒಂದು ಗುಂಡಿ ಮುಚ್ಚಬಹುದು. ಆದರೆ ನಮ್ಮ ವಾರ್ಡಿಗೆ ಈ ವರ್ಷ ಎಷ್ಟು ದುಡ್ಡು, ಫುಟ್‌ಪಾತ್ ಮೊದಲೋ ಫ್ಲೈಓವರ್ ಮೊದಲೋ ಅನ್ನೋ ಪ್ರಶ್ನೆ ಆ್ಯಪ್‌ನಲ್ಲಿ ಇರಲ್ಲ. ಕೌನ್ಸಿಲ್ ಇಲ್ಲದ ವರ್ಷಗಳಲ್ಲಿ ಸಾವಿರಾರು ಕೋಟಿಯ ಬಜೆಟ್ ಅಧಿಕಾರಿಗಳ ಕೈಯಲ್ಲೇ ತಯಾರಾಗಿ, ವಾರ್ಡ್ ಪ್ರತಿನಿಧಿಗಳ ಚರ್ಚೆ ಇಲ್ಲದೇ ಮುಗಿಯಿತು. ಅಧಿಕಾರಿಗೆ ಹೆಚ್ಚೆಂದರೆ ವರ್ಗ ಆಗುತ್ತೆ. ಕೌನ್ಸಿಲರ್ ಮಾತ್ರ ಮತ್ತೆ ನಮ್ಮ ಬೀದಿಗೇ ಬಂದು ಕೈಮುಗಿಯಬೇಕು.

ಹಾಗೆ ಕೈಮುಗಿದು ಬಂದವರನ್ನು ರಸ್ತೆ, ನೀರು, ಕಸ ಅಂತ ಎಲ್ಲರೂ ಕೇಳೇ ಕೇಳ್ತಾರೆ. ಅದರ ಜೊತೆ ಇದೊಂದನ್ನೂ ಕೇಳಿ: ‘ವಾರ್ಡ್ ಸಮಿತಿ ಸಭೆ ತಿಂಗಳ ಯಾವ ದಿನ, ಎಲ್ಲಿ?’ ಅವರು ಹೇಳಿದ ದಿನವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ, ಮತ್ತೆ ಆ ದಿನ ಹೋಗಿ.