ಯಲಹಂಕದಿಂದ ಎರಡು ಹಳಿ

ಹಳೆಯ ಪೇಟೆಯನ್ನು ನೋಡಬೇಕಾದರೆ ಟ್ರಾಮಿನಲ್ಲಿ ಕೂತು ನೋಡಬೇಕು ಎನ್ನುವವರಿದ್ದಾರೆ. ಲಿಸ್ಬನ್ ನಗರದ ಅಲ್ಫಾಮಾ, ಅರಬರ ಕಾಲದ ಹೆಸರನ್ನು ಇಂದಿಗೂ ಬಿಡದ ಮೊಹಲ್ಲಾ. ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಟ್ರಾಮು ಗೋಡೆಗೆ ಮೈ ತಾಗಿಸುವಂತೆ ಸಾಗುತ್ತದೆ. ನಮ್ಮ ದೇಶದಲ್ಲಿ ಕೋಲ್ಕತ್ತಾ, ಮುಂಬಯಿ, ಮದ್ರಾಸುಗಳು ಟ್ರಾಮು ಕಂಡ ಊರುಗಳು. 1905ರಲ್ಲೇ ಬೀದಿಯಲ್ಲಿ ವಿದ್ಯುತ್ ದೀಪ ಹಚ್ಚಿದ ಬೆಂಗಳೂರಿಗೆ ಮಾತ್ರ ಟ್ರಾಮು ಬರಲೇ ಇಲ್ಲ. ಟ್ರಾಲಿ ಎಂದರೆ ಇಲ್ಲಿ ಹಳಿ ಪಕ್ಕದ ಹಳ್ಳಿಯವರಿಗೆ ನೆನಪಾಗುವುದು, ರೈಲ್ವೆ ಸಾಹೇಬರನ್ನು ಕೂರಿಸಿಕೊಂಡು ಗ್ಯಾಂಗ್‌ಮನ್‌ಗಳು ಓಡಿ ಓಡಿ ತಳ್ಳುವ ಗಾಡಿ.

ಆದರೆ ಟ್ರಾಮಿನ ತಮ್ಮನಂಥ ಒಂದು ರೈಲು ಇಲ್ಲಿತ್ತು. ಎರಡೂವರೆ ಅಡಿ ಅಗಲದ ಹಳಿ, ಪುಟ್ಟ ಇಂಜಿನು, ಊರೂರಿಗೂ ನಿಲುಗಡೆ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪೆನಿ ಯಲಹಂಕ, ದೇವನಹಳ್ಳಿಗಳ ಮೇಲೆ ಈ ದಾರಿ ತೆರೆಯಿತು. ಅತ್ತ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರದವರೆಗೆ 1913ರಲ್ಲೇ ಅದೇ ಅಳತೆಯ ಹಳಿ ಬಿದ್ದಿತ್ತು. ಮುಂದೆ ಎರಡೂ ಕೂಡಿದವು. ದಶಕಗಳ ನಂತರ ದಾರಿ ತುಂಡು ತುಂಡಾಗಿ ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರ–ಕೋಲಾರದ ತುಂಡು ತೆರೆದದ್ದು 2013ರಲ್ಲಿ.

ಈ ದಾರಿಯ ನಿಲ್ದಾಣಗಳ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಕುಟುಂಬದ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ. ಬಂಗಾರಪೇಟೆಗೆ ಹತ್ತಿರದ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮುಹಮ್ಮದನ ಗೋರಿ ಕೋಲಾರದ ಮಕ್ಬರಾದಲ್ಲಿದೆ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಶವವನ್ನು ಮೊದಲು ತಂದದ್ದೂ ಕೋಲಾರಕ್ಕೇ, ಆಮೇಲೆ ಶ್ರೀರಂಗಪಟ್ಟಣಕ್ಕೆ. ಹಳಿ ಹಾಕಿದವರು ಇದನ್ನೆಲ್ಲ ಯೋಚಿಸಿರಲಾರರು. ಆದರೂ ಶ್ರೀರಂಗಪಟ್ಟಣಕ್ಕೆ ಹೋಗಿ ಗುಂಬಜ್ ನೋಡಿ ಬರುವ ನಮ್ಮವರು ಈ ಬಯಲುಸೀಮೆಯ ದಾರಿಯನ್ನು ಮರೆತಿದ್ದಾರೆ. ಅಲ್ಲಿರುವುದು ಸುಲ್ತಾನರ ಕೊನೆ, ಇಲ್ಲಿರುವುದು ಅವರ ಆರಂಭ.

ಹಾಗಾಗಿ ನಾವು ಯಲಹಂಕದಿಂದ ಹೊರಟೆವು. ಇಲ್ಲಿ ಹಳಿ ಕವಲೊಡೆಯುತ್ತದೆ. ಒಂದು ದೊಡ್ಡಬಳ್ಳಾಪುರ, ಹಿಂದೂಪುರಗಳ ಮೇಲೆ ಗುಂತಕಲ್ಲಿಗೆ. ಇನ್ನೊಂದು ದೇವನಹಳ್ಳಿಗೆ.

ಮೊದಲನೆಯ ಕವಲಿನ ಕಥೆ ಹೇಳದೆ ಎರಡನೆಯದು ಅರ್ಥವಾಗುವುದಿಲ್ಲ. ಆಗ ದೊಡ್ಡಬಳ್ಳಾಪುರ ಶಿರಾ ಸುಬೇದಾರರ ಮನೆತನದ ಅಬ್ಬಾಸ್ ಕುಲಿ ಖಾನನ ಜಹಗೀರು. ಫತೇ ಮುಹಮ್ಮದ್ ಆ ಮನೆತನದ ಚಾಕರಿಯಲ್ಲಿದ್ದು ಯುದ್ಧದಲ್ಲಿ ಸತ್ತ. ಹೆಂಡತಿ, ಮಕ್ಕಳು ದೊಡ್ಡಬಳ್ಳಾಪುರದಲ್ಲಿ ಸಿಕ್ಕಿಕೊಂಡರು. ಸತ್ತವನ ಮೇಲೆ ಬಾಕಿ ಇದೆ ಎಂದು ಹಣ ಕಕ್ಕಿಸಲು ಶಹಬಾಜ್ ಮತ್ತು ಹೈದರ್ ಎಂಬ ಆ ಎಳೆಯ ಹುಡುಗರನ್ನು ನಗಾರಿಯೊಳಗೆ ಕೂರಿಸಿ ಹಿಂಸಿಸಿದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಹೈದರನ ಅಭಿಮಾನಿಯಲ್ಲ, ಕಂಪೆನಿಯ ಸೇನಾಧಿಕಾರಿ. ಇದ್ದುದನ್ನೆಲ್ಲ ಕಿತ್ತುಕೊಂಡ ಮೇಲೆ ಕುಟುಂಬಕ್ಕೆ ಬಿಡುಗಡೆಯಾಯಿತು. 1761ರಲ್ಲಿ ಅದೇ ಹೈದರ್ ಸೈನ್ಯದೊಂದಿಗೆ ದೊಡ್ಡಬಳ್ಳಾಪುರಕ್ಕೆ ಬಂದಾಗ ಅಬ್ಬಾಸ್ ಕುಲಿ ಖಾನ್ ಕಾದು ನಿಲ್ಲದೆ ಮದ್ರಾಸಿಗೆ ಓಡಿಹೋದ.

ಟಿಪ್ಪುವಿನ ಪರವಾಗಿಯೋ ವಿರೋಧವಾಗಿಯೋ ಗಂಟಲು ಹರಿದುಕೊಳ್ಳುವವರು ಈ ಭಾಗವನ್ನು ಓದಿಕೊಂಡಂತೆ ಕಾಣುವುದಿಲ್ಲ. ಮುಸ್ಲಿಮ್ ಜಹಗೀರುದಾರನೊಬ್ಬ ಮುಸ್ಲಿಮ್ ಸಿಪಾಯಿಯ ವಿಧವೆಯನ್ನು ದೋಚಿದ. ಮೈಸೂರಿನ ಹಿಂದೂ ಅರಸರ ಸೈನ್ಯದಲ್ಲಿ ಆ ವಿಧವೆಯ ಮಕ್ಕಳಿಗೆ ಅನ್ನ ಸಿಕ್ಕಿತು. ಧರ್ಮದ ಕನ್ನಡಕ ಹಾಕಿಕೊಂಡು ಈ ಚರಿತ್ರೆಯನ್ನು ಓದಲು ಹೊರಟರೆ ಮೊದಲ ಪುಟದಲ್ಲೇ ಎಡವುತ್ತೇವೆ.

ರೈಲು ಬೆಟ್ಟಹಲಸೂರು, ದೊಡ್ಡಜಾಲಗಳನ್ನು ದಾಟಿತು. ದೊಡ್ಡಜಾಲದ ಕಲ್ಲಿನ ಹಳೆಯ ನಿಲ್ದಾಣ ಪುಟ್ಟ ರೈಲಿನ ಕಾಲದ್ದು. ಇಂಥ ಕಟ್ಟಡಗಳು ಈ ದಾರಿಯಲ್ಲಿ ನಾಲ್ಕಿವೆ: ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ. ಇಂಟಾಕ್ ಸಂಸ್ಥೆ ಇವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿ ನಂದಿಯ ಕಟ್ಟಡಕ್ಕೆ ಜೀವ ತುಂಬಿದೆ. ಮುಂದೆ ಸಿಗುವುದು 2021ರ ಜನವರಿಯಲ್ಲಿ ಶುರುವಾದ ವಿಮಾನ ನಿಲ್ದಾಣದ ಹಾಲ್ಟ್. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಊರು ಮಾತ್ರ ಯಾರಿಗೂ ಬೇಡವಾಯಿತು. ಒಂದು ಕಾಲಕ್ಕೆ ಇಲ್ಲಿನ ಹೆಸರು ಹೇಳಿದರೆ ನೆನಪಾಗುತ್ತಿದ್ದುದು ಚಕ್ಕೋತ ಹಣ್ಣು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಸಿಕ್ಕಿದೆ, ತೋಟಗಳು ಸೈಟುಗಳಾಗುವುದು ನಿಂತಿಲ್ಲ.

ದೇವನಹಳ್ಳಿಯ ಕೋಟೆ ದೊಡ್ಡದೇನಲ್ಲ. ಸುಮಾರು 20 ಎಕರೆಯ ಮೊಟ್ಟೆಯಾಕಾರದ ಆವರಣ, ಅರ್ಧವೃತ್ತದ 12 ಬುರುಜುಗಳು. ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದು ಕಲ್ಲಿನದಾದದ್ದು ಹೈದರನ ಕಾಲದಲ್ಲಿ. ಇದು ಟಿಕೆಟು ಪಡೆದು ಒಳಹೋಗುವ ಪಾಳು ಕೋಟೆಯಲ್ಲ. ಒಳಗೆ ಮನೆಗಳಿವೆ, ಬೀದಿಗಳಿವೆ, ಒಗೆದ ಬಟ್ಟೆ ಒಣಗುತ್ತಿರುತ್ತದೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಹೊರಗೋಡೆಯಲ್ಲಿ ರಾಮಾಯಣದ ಕಥೆ, ಬಾಲಕೃಷ್ಣನ ಲೀಲೆಗಳು ಕೆತ್ತನೆಯಾಗಿವೆ. ಹೈದರನ ಕಾಲದಲ್ಲೂ ಟಿಪ್ಪುವಿನ ಕಾಲದಲ್ಲೂ ಅದು ಅಲ್ಲೇ ಇತ್ತು.

1749ರಲ್ಲಿ ಮೈಸೂರಿನ ನಂಜರಾಜಯ್ಯ ಈ ಕೋಟೆಗೆ ಮುತ್ತಿಗೆ ಹಾಕಿದ. ಅಣ್ಣ ಶಹಬಾಜ್ ಆಗಲೇ ಮೈಸೂರಿನ ಸೈನ್ಯದಲ್ಲಿದ್ದ. ಅವನ ಜೊತೆ ಸ್ವಂತ ಇಚ್ಛೆಯಿಂದ ಬಂದ ಸವಾರ ಹೈದರ್. ವಯಸ್ಸು 27 ದಾಟುತ್ತಿತ್ತು, ಅಲ್ಲಿಯವರೆಗೆ ಬೇಟೆ, ತಿರುಗಾಟಗಳಲ್ಲೇ ಕಾಲ ಕಳೆದಿದ್ದ. ತಿಂಗಳುಗಟ್ಟಲೆ ನಡೆದ ಮುತ್ತಿಗೆಯಲ್ಲಿ ಅವನ ಎದೆಗಾರಿಕೆ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಕೋಟೆ ಕೈಸೇರಿದ ಮೇಲೆ 50 ಕುದುರೆ, 200 ಕಾಲಾಳುಗಳ ಒಡೆತನ, ಜೊತೆಗೆ ಕೋಟೆಯ ಒಂದು ಬಾಗಿಲಿನ ಕಾವಲು ಅವನ ಪಾಲಿಗೆ ಬಂತು. ಸೋತ ಪಾಳೇಗಾರನಿಗೆ ಚಿಕ್ಕಬಳ್ಳಾಪುರದ ತನ್ನ ನೆಂಟರಲ್ಲಿಗೆ ಹೋಗಲು ಬಿಟ್ಟರು. ಮುಂದೆ ಬ್ರಿಟಿಷರು ಹೆದರಿದ ಆ ರಾಜ್ಯದ ಬುನಾದಿ ಈ ಬಾಗಿಲಿನ ಕಾವಲಿನಲ್ಲಿದೆ.

ಮರುವರ್ಷ, 1750ರ ನವೆಂಬರ್ 20ರಂದು, ಫಾತಿಮಾ ಫಖ್ರುನ್ನಿಸಾ ಅವರ ಮಡಿಲಲ್ಲಿ ಟಿಪ್ಪು ಹುಟ್ಟಿದ. ಮಗುವಿಗೆ ಹೆಸರು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅವರದು. ಹುಟ್ಟಿದ ಜಾಗ ಕೋಟೆಯ ಬಳಿಯೇ ಇದೆ: ಆಳೆತ್ತರದ ಕಂಬಗಳ ಚಿಕ್ಕ ಆವರಣ, ಒಂದು ಕಲ್ಲಿನ ಫಲಕ, ಅಷ್ಟೇ. ಅರಮನೆಯನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗುತ್ತದೆ. ನಮಗೆ ಆಗಲಿಲ್ಲ. ಟಿಪ್ಪು ಹುಟ್ಟಿದಾಗ ಅವನ ತಂದೆ ಸುಲ್ತಾನನೂ ಅಲ್ಲ, ನವಾಬನೂ ಅಲ್ಲ, ಈಗಷ್ಟೇ ಬಡ್ತಿ ಕಂಡ ಒಬ್ಬ ಪಡೆಯ ನಾಯಕ. ಜಾಗ ಅದಕ್ಕೆ ತಕ್ಕಂತಿದೆ.

ಮುಂದೆ ಟಿಪ್ಪು ತಾನು ಹುಟ್ಟಿದ ಊರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ, ಯೂಸುಫ್ ಪ್ರವಾದಿಯ ನೆನಪಿಗೆ. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. ಹೆಸರು ಬದಲಿಸುವ ಹುಮ್ಮಸ್ಸಿನವರು, ಅಂದಿನವರಿರಲಿ ಇಂದಿನವರಿರಲಿ, ಇದನ್ನು ಗಮನಿಸುವುದು ಒಳ್ಳೆಯದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ದೇವನಹಳ್ಳಿಯೂ ಕೈಬಿಟ್ಟಿತು. ಅದೇ ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು.

ಸರ್ಕಾರ 2015ರಲ್ಲಿ ನವೆಂಬರ್ 10ನ್ನು ಟಿಪ್ಪು ಜಯಂತಿಯಾಗಿ ಆಚರಿಸಲು ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡೂ ಬಾರಿ ಬೀದಿಯಲ್ಲಿ ಕೂಗಾಟ ನಡೆಯಿತು. ನಮಗೆ ಬೇಕಾಗಿರುವುದು ಬೇರೆ: ರಜಾದಿನಗಳಲ್ಲಿ ಯಲಹಂಕದಿಂದ ಬಂಗಾರಪೇಟೆಯವರೆಗೆ, ಬೇಕಾದ ಕಡೆ ಇಳಿದು ಮುಂದಿನ ರೈಲು ಹತ್ತಬಹುದಾದ ಒಂದು ದಿನದ ಟಿಕೆಟು. ಶಾಲಾ ಮಕ್ಕಳು ಬೆಳಿಗ್ಗೆ ದೇವನಹಳ್ಳಿಯಲ್ಲಿ ಇಳಿದು ಕೋಟೆ ನೋಡಿ, ಮಧ್ಯಾಹ್ನ ನಂದಿಯ ಭೋಗನಂದೀಶ್ವರನನ್ನು ನೋಡಿ, ಸಂಜೆ ಕೋಲಾರದ ಮಕ್ಬರಾ ಮುಟ್ಟಬಹುದು. ಹಳಿ ಇದೆ, ನಿಲ್ದಾಣಗಳಿವೆ. ಇಲ್ಲದಿರುವುದು ರೈಲುಗಳು. ದಿನಕ್ಕೆ ಬೆರಳೆಣಿಕೆಯಷ್ಟು ಓಡುತ್ತವೆ, ಒಂದು ತಪ್ಪಿದರೆ ಮತ್ತೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ನಮಗೂ ಸಂಜೆಯ ರೈಲು ತಪ್ಪಿತು. ಹೆದ್ದಾರಿಗೆ ನಡೆದು ಬಂದು ಬಸ್ಸಿನಲ್ಲಿ ಬೆಂಗಳೂರು ಸೇರಿದೆವು.