ಹೊಳೆದಂಡೆಯ ವನವಾಸ್ತವ್ಯ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ

ಹಳೆಯ ಮರಗಳ ಅಡಿಯಲ್ಲಿ, ನೀರಿನ ಪಕ್ಕದಲ್ಲಿ, ಡೇರೆ ಹಾಕಿಕೊಂಡೋ ಬಯಲಲ್ಲೇ ಚಾಪೆ ಹಾಸಿಕೊಂಡೋ ರಾತ್ರಿ ಕಳೆಯುವ ರೂಢಿ. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಲ್ಲಿ ಇದಕ್ಕೆ ಎರಡು ನೆಲೆಗಳಿವೆ. ಒಂದು ದೇವರಾಯನದುರ್ಗದ ಕಾಡು. ಇನ್ನೊಂದು ಶಿಂಷಾ ಹೊಳೆ ಮತ್ತು ಅದರ ಕೆರೆಗಳ ಆಸುಪಾಸಿನ ಗುಂಡುತೋಪುಗಳು. ವಿಹಾರಕ್ಕೆಂದೇ ಹೊರಟು ಕಾಡಿನಲ್ಲಿ ಮಲಗುವುದು ಇಲ್ಲಿ ಇತ್ತೀಚಿನ ಬೆಳವಣಿಗೆ. ಗಾಡಿಯವರು, ಜಾತ್ರೆಗೆ ಹೊರಟವರು, ದಂಡಿನವರು ತೋಪಿನಲ್ಲಿ ಇಳಿದುಕೊಳ್ಳುವುದು ಅದಕ್ಕಿಂತ ಬಹಳ ಹಿಂದಿನದು. ಈ ಸೀಮೆಯ ವನವಾಸ್ತವ್ಯದ ನಿಜವಾದ ಪರಂಪರೆ ತೋಪಿನದೇ ಎಂದು ಹೇಳಲು ಸಾಕಷ್ಟು ಆಧಾರಗಳಿವೆ.

ಇಂಥ ವಾಸ್ತವ್ಯಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡು. ಸ್ಮಿತ್, ಈಲ್ ಮೊದಲಾದ ನದಿಗಳ ದಂಡೆಯ ಆ ಮರಗಳಲ್ಲಿ ಕೆಲವು 2,000 ವರ್ಷ ದಾಟಿವೆ. ಅತಿ ಎತ್ತರದ್ದು 115 ಮೀಟರ್ ಮೀರಿದೆ. ಕೊಡಲಿ ತಾಗದ ಮೂಲ ಕಾಡಿನಲ್ಲಿ ಉಳಿದಿರುವುದು ಶೇ. 5ರಷ್ಟು ಮಾತ್ರ. ಸಮುದ್ರದ ಮಂಜನ್ನು ಕುಡಿದು ಬೆಳೆಯುವ ಆ ಕಾಡಿಗೂ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ತುಮಕೂರು ಜಿಲ್ಲೆಗೂ ಹೋಲಿಕೆ ಇಲ್ಲ. ಆದರೂ ಒಂದು ಪಾಠ ಎರಡು ಕಡೆಗೂ ಸಲ್ಲುತ್ತದೆ. 1955ರ ಪ್ರವಾಹದಲ್ಲಿ ಈಲ್ ನದಿಯ ಉಪನದಿ ಬುಲ್ ಕ್ರೀಕಿನ ದಂಡೆಯಲ್ಲಿ ನೂರಾರು ರೆಡ್‌ವುಡ್‌ಗಳು ಉರುಳಿದವು. ಆ ಮರಗಳನ್ನು ಯಾರೂ ಮುಟ್ಟಿರಲಿಲ್ಲ. ಮೇಲಿನ ಇಳಿಜಾರಿನಲ್ಲಿ ಮರ ಕಡಿದಿದ್ದರಿಂದ ಸಡಿಲಗೊಂಡ ಮಣ್ಣು, ಕಲ್ಲು ಹೊಳೆಗಿಳಿದು ದಂಡೆಯನ್ನೇ ಕೊರೆದಿತ್ತು. ದಂಡೆಯ ಮರದ ಆಯುಸ್ಸು ಹೊಳೆ ಹುಟ್ಟುವ ಬೆಟ್ಟದ ಸ್ಥಿತಿಯನ್ನು ಅವಲಂಬಿಸಿದೆ ಎಂಬುದನ್ನು ಶಿಂಷೆಯ ಬಗ್ಗೆ ಓದುವಾಗಲೂ ನೆನಪಿಡಬೇಕು.

ಕಾಡು

ದೇವರಾಯನದುರ್ಗ ತುಮಕೂರು ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ; ಬೆಟ್ಟದ ಎತ್ತರ ಸುಮಾರು 1,200 ಮೀಟರ್. ಪುರಾಣದಲ್ಲಿ ಇದು ಕರಿಗಿರಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂದ ಮೇಲೆ ಈಗಿನ ಹೆಸರು ನಿಂತಿತು. ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ ದೇವಾಲಯಗಳಿವೆ.

ಇದನ್ನು ಪುರಾತನ ಅರಣ್ಯವೆಂದು ಕರೆಯುವುದು ಕಷ್ಟ. ಇದು ಒಣ ಎಲೆಯುದುರು ಕಾಡು, ಬಹುಭಾಗ ಕುರುಚಲು; ನಡುವೆ ನೀಲಗಿರಿ ನೆಡುತೋಪುಗಳೂ ಇವೆ. ಸೌದೆ, ಇದ್ದಿಲು, ಮೇವು ಎಂದು ಶತಮಾನಗಳಿಂದ ಕೈಯಾಡಿಸಿಕೊಂಡ ಕಾಡು ಮತ್ತೆ ಮತ್ತೆ ಚಿಗುರಿ ಈ ರೂಪಕ್ಕೆ ಬಂದಿದೆ. ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಶ್ರೀಗಂಧ, ಜಾಲಾರಿ ಇಲ್ಲಿಯ ಮರಗಳು. ಜಾಲಾರಿ ಅರಗಿನ ಹುಳುವಿಗೆ ಆಸರೆಯಾಗುವ ಮರ. ಬೇಸಿಗೆಯ ಮೊದಲಿಗೆ ಅದು ಹೂ ಬಿಟ್ಟಾಗ ಇಳಿಜಾರಿನಲ್ಲಿ ನಡೆಯುವವರಿಗೆ ಮರ ಕಾಣುವ ಮೊದಲೇ ಪರಿಮಳ ಸಿಗುತ್ತದೆ. ಔಷಧೀಯ ಸಸ್ಯಗಳ ಸಂರಕ್ಷಣೆಗೆಂದು ರಾಜ್ಯದಲ್ಲಿ ಗುರುತಿಸಿದ ಕಾಡುಗಳ ಪಟ್ಟಿಯಲ್ಲಿ ದೇವರಾಯನದುರ್ಗವೂ ಸೇರಿದೆ. ಬಂಡೆಬೆಟ್ಟಗಳಿಗೆ ಮಾತ್ರ ಅಂಟಿಕೊಂಡ, ದಕ್ಷಿಣ ಭಾರತದ ಆಚೆ ಎಲ್ಲೂ ಕಾಣದ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ಪಕ್ಷಿ ವೀಕ್ಷಕರು ಈ ಬೆಟ್ಟಕ್ಕೆ ಬರುವುದಕ್ಕೆ ಅದೊಂದೇ ಸಾಕಾದ ಕಾರಣ.

ಹಳೆಯ, ದಪ್ಪ ಬೊಡ್ಡೆಯ ಮರಗಳನ್ನು ನೋಡಬೇಕಾದರೆ ನೀರಿನ ಜಾಡು ಹಿಡಿಯಬೇಕು. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಬಂಡೆಯ ಕುಳಿಯೊಂದರಿಂದ ನೀರು ಜಿನುಗುತ್ತದೆ. ವನವಾಸದಲ್ಲಿದ್ದ ರಾಮ ಹಣೆಯ ನಾಮಕ್ಕೆ ನೀರು ಬೇಕಾಗಿ ಬಾಣ ಬಿಟ್ಟ ಕಡೆ ಚಿಲುಮೆ ಉಕ್ಕಿತೆಂಬುದು ಸ್ಥಳಪುರಾಣ. ಅರಣ್ಯ ಇಲಾಖೆಯ ಜಿಂಕೆವನ ಇರುವುದು ಇಲ್ಲೇ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯ ಕಾಲದಲ್ಲಿ ಸಲೀಂ ಅಲಿ ಇಲ್ಲಿಯ ಅರಣ್ಯ ಬಂಗಲೆಯಲ್ಲಿ ತಂಗಿದ್ದರೆಂಬ ಮಾತು ಸ್ಥಳೀಯ ಪಕ್ಷಿಪ್ರಿಯರಲ್ಲಿ ಬಳಕೆಯಲ್ಲಿದೆ.

ಹೊಳೆ

ಇದೇ ಬೆಟ್ಟದ ಸಾಲಿನಿಂದ ಎರಡು ನದಿಗಳು ಹೊರಡುತ್ತವೆ. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ದಾಟಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಶಿಂಷಾ ದಕ್ಷಿಣದ ದಾರಿ ಹಿಡಿದು ಗುಬ್ಬಿ, ತುರುವೇಕೆರೆ, ಕುಣಿಗಲ್, ಮದ್ದೂರು ಕಡೆಯಿಂದ ಸುಮಾರು 220 ಕಿ.ಮೀ. ಹರಿದು ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಸೇರುತ್ತದೆ. ವರ್ಷದ ಬಹುಕಾಲ ಇದರ ಮೇಲ್ಭಾಗದ ಪಾತ್ರ ಬರಿಯ ಮರಳು. ನೀರು ನಿಲ್ಲುವುದು ಕೆರೆಗಳಲ್ಲಿ: ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಹೊಳೆಗೇ ಅಡ್ಡಕಟ್ಟಿ ಮಾಡಿದ್ದು. ಈಗ ಈ ಸೀಮೆಯ ಕೆರೆಗಳಲ್ಲಿ ಕಾಣುವ ನೀರಿನ ದೊಡ್ಡ ಪಾಲು ಹೇಮಾವತಿ ನಾಲೆಯದು; ತುಮಕೂರು ನಗರ ಕುಡಿಯುವ ಬುಗುಡನಹಳ್ಳಿ ಕೆರೆಯ ನೀರೂ ಅದೇ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಕಟ್ಟಿದ ಜಲಾಶಯ ಹೊಳೆದಂಡೆಯಲ್ಲಿ ಕೂರುವವರೆಲ್ಲ ತಿಳಿದಿರಬೇಕಾದ ಜಾಗ. ಇಲ್ಲಿ ಹೆಚ್ಚುವರಿ ನೀರನ್ನು ಹೊರಬಿಡಲು ಗೇಟು ಎತ್ತುವವರು ಬೇಕಿಲ್ಲ; ಸೈಫನ್ ತಾನಾಗಿ ಕೆಲಸ ಮಾಡುತ್ತದೆ. ಇದು ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸುರುಳಿ ಸೈಫನ್. ಮುಂದೆ ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇದನ್ನೇ ಬಳಸಿದರು. ನೆಟ್ಟಗೆ ನಿಂತ ದೊಡ್ಡ ಕೊಳವೆಯ ಬಾಯಿ ಆಲಿಕೆಯ ಹಾಗೆ ಅಗಲವಾಗಿರುತ್ತದೆ, ಅದರ ಮೇಲೆ ಗುಮ್ಮಟದ ಮುಚ್ಚಳವಿರುತ್ತದೆ. ಆಲಿಕೆಯ ಒಳಮೈಯಲ್ಲಿ ಸುರುಳಿಯಾಗಿ ಇಳಿಯುವ ಪಟ್ಟಿಗಳಿವೆ. ಜಲಾಶಯ ತುಂಬಿ ಆಲಿಕೆಯ ಅಂಚನ್ನು ಮೀರಿದಾಗ ಮೊದಲು ತೆಳುವಾದ ನೀರು ಒಳಗಿಳಿಯುತ್ತದೆ. ಪಟ್ಟಿಗಳು ಆ ನೀರನ್ನು ತಿರುಗಿಸುತ್ತವೆ, ಸುಳಿ ಏಳುತ್ತದೆ, ಗುಮ್ಮಟದೊಳಗಿನ ಗಾಳಿಯನ್ನು ಸುಳಿ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ಪೂರ್ತಿ ಬಾಯಿ ತೆರೆದು ನೀರನ್ನು ಹೀರಲಾರಂಭಿಸುತ್ತದೆ. ನೀರಿನ ಮಟ್ಟ ಇಳಿದು ಗಾಳಿಕಿಂಡಿ ತೆರೆದುಕೊಂಡರೆ ಗಾಳಿ ಒಳನುಗ್ಗಿ ಹರಿವು ಕಡಿದುಹೋಗುತ್ತದೆ.

ಕೆರೆಯ ಕೋಡಿಗೂ ಇದಕ್ಕೂ ಇರುವ ಅಂತರ ಮುಖ್ಯ. ಕೋಡಿಯಲ್ಲಿ ನೀರು ಬೆರಳುದ್ದ, ಗೇಣುದ್ದ ಎಂದು ಏರುತ್ತ ಬರುತ್ತದೆ. ನೋಡುವವರಿಗೆ ಎದ್ದು ಹೋಗಲು ಸಮಯ ಸಿಗುತ್ತದೆ. ಸೈಫನ್ನಿನಲ್ಲಿ ತೆಳ್ಳನೆಯ ಹರಿವಿನಿಂದ ಪೂರ್ಣ ಪ್ರವಾಹಕ್ಕೆ ಹೋಗಲು ಕೊಂಚವೇ ಹೊತ್ತು ಸಾಕು. 2025ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ವಿಹಾರಕ್ಕೆ ಬಂದು ಅಣೆಕಟ್ಟೆಯ ಕೆಳಗೆ ನೀರಿಗಿಳಿದಿದ್ದ ಕುಟುಂಬದ ಹಲವರು ಹೀಗೆ ಒಮ್ಮೆಲೇ ಬಂದ ನೀರಿನಲ್ಲಿ ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ತುಂಬಿದ ಮಾರ್ಕೋನಹಳ್ಳಿಯ ಕೆಳಪಾತ್ರದಲ್ಲಿ, ಆಕಾಶ ಎಷ್ಟೇ ತಿಳಿಯಾಗಿದ್ದರೂ, ಡೇರೆ ಹಾಕಕೂಡದು, ಮಕ್ಕಳನ್ನು ಆಟಕ್ಕೆ ಬಿಡಕೂಡದು.

ಬೀಡಿನ ಚರಿತ್ರೆ

ಶಿಂಷಾ ದಂಡೆಯ ಬೀಡಿಗೆ ಸಿಗುವ ಅತ್ಯಂತ ಹಳೆಯ ಕಥೆ ಕಡಬದ್ದು. ಕದಂಬ ಋಷಿಯ ಆಶ್ರಮವಿದ್ದ ಜಾಗವೆಂದು ಊರಿಗೆ ಪ್ರತೀತಿ. ಲಂಕೆಯಿಂದ ಹಿಂತಿರುಗುತ್ತಿದ್ದ ರಾಮನ ಪರಿವಾರ ಇಲ್ಲಿ ತಂಗಿತ್ತು, ಸೀತೆಯ ಕೋರಿಕೆಯಂತೆ ಹೊಳೆಗೆ ಏರಿ ಹಾಕಿ ಕೆರೆ ಕಟ್ಟಿಸಲಾಯಿತು ಎಂದು ಐತಿಹ್ಯ ಹೇಳುತ್ತದೆ. ದಾರಿಯ ಬೀಡು, ನೀರಿನ ಕೊರತೆ, ಕೆರೆಯ ಕಟ್ಟಣೆ ಒಂದೇ ಕಥೆಯಲ್ಲಿ ಕೂಡಿರುವುದು ಗಮನಾರ್ಹ. ಬಯಲುಸೀಮೆಯ ಹಲವು ಕೆರೆಗಳ ಹಿಂದೆ ದಾರಿಹೋಕರ ಬಾಯಾರಿಕೆಯ ನೆನಪಿದೆ.

ಇದೇ ಕಡಬದಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ ತಾಮ್ರಶಾಸನ ದೊರೆತಿದೆ. 9ನೇ ಶತಮಾನದ ಆರಂಭದ್ದೆಂದು ಹೇಳಿಕೊಳ್ಳುವ ಈ ಶಾಸನದ ಸಾಚಾತನದ ಬಗ್ಗೆ ವಿದ್ವಾಂಸರಲ್ಲಿ ಸಂದೇಹಗಳೂ ಇವೆ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗಿದ್ದ ಶನಿಪೀಡೆಯನ್ನು ಪರಿಹರಿಸಿದ್ದಕ್ಕಾಗಿ ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲ ಎಂಬ ಗ್ರಾಮವನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಕುನುಂಗಿಲ್ ಎಂದರೆ ಈಗಿನ ಕುಣಿಗಲ್ ಸೀಮೆ ಎಂದು ಗುರುತಿಸಲಾಗಿದೆ. ವನವಾಸ್ತವ್ಯಕ್ಕೆ ಇದು ನೇರವಾಗಿ ಸಂಬಂಧಿಸಿದ್ದಲ್ಲ; ಆದರೆ ಕಡಬ–ಕುಣಿಗಲ್ ದಾರಿ ಆ ಕಾಲಕ್ಕೇ ಜನವಸತಿಯ, ಓಡಾಟದ ದಾರಿಯಾಗಿತ್ತೆಂದು ಊಹಿಸಲು ಆಸ್ಪದ ಕೊಡುತ್ತದೆ.

ಹೊಳೆಯ ಪಕ್ಕದ ತೋಟದಲ್ಲಿ ನೆಲೆಸಿ ಹೆಸರಾದವರು ತೋಂಟದ ಸಿದ್ಧಲಿಂಗರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ದಂಡೆಯ ತೋಟದಲ್ಲಿ ಅವರು ದೀರ್ಘಕಾಲ ತಪಸ್ಸಿನಲ್ಲಿದ್ದರು. ಅವರ ಗದ್ದುಗೆ ಇರುವುದು ಎಡೆಯೂರಿನಲ್ಲಿ.

ದಂಡುಗಳಿಗೆ ಬೀಡೆಂದರೆ ಮೊದಲು ನೀರು, ಮೇವು, ನೆರಳು. 1791ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಕಾರ್ನ್‌ವಾಲೀಸನ ಸೈನ್ಯ ಹುಲಿಯೂರುದುರ್ಗ, ಹುತ್ರಿದುರ್ಗಗಳನ್ನು ಹಿಡಿದದ್ದು ಈ ಸೀಮೆಯಲ್ಲೇ. ಸಾವಿರಾರು ಎತ್ತುಗಳನ್ನು ನಡೆಸಿಕೊಂಡು ಹೋಗುವ ಅಂಥ ಸೈನ್ಯಗಳು ಕೆರೆ, ತೋಪುಗಳ ಲೆಕ್ಕ ಹಾಕಿಯೇ ಪಯಣದ ಮಜಲು ಗೊತ್ತುಮಾಡುತ್ತಿದ್ದವು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರಾಗಿ ಕಂಡ. ಮಲೆನಾಡಿನಿಂದ ಬಯಲಿಗೆ, ಬಯಲಿನಿಂದ ಘಟ್ಟದ ಕೆಳಗೆ ಅಡಕೆ, ಕೊಬ್ಬರಿ, ಬಟ್ಟೆ ಹೊರುವ ಎತ್ತಿನ ಹಿಂಡುಗಳಿಗೆ ಗುಬ್ಬಿಯಂಥ ಪೇಟೆಗಳೇ ಗುರಿ. ಆ ಹಿಂಡುಗಳ ರಾತ್ರಿ ಕಳೆಯುತ್ತಿದ್ದದ್ದು ಊರಾಚೆಯ ಮರಗಳ ಕೆಳಗೆ.

ಗುಂಡುತೋಪು ಕಂದಾಯ ದಾಖಲೆಗಳಲ್ಲಿ ಇಂದಿಗೂ ಹೆಸರಿರುವ ಸಾರ್ವಜನಿಕ ನೆಲ. ಮಾವು, ಹೊಂಗೆ, ನೇರಳೆ, ಹಲಸು, ಹಿಪ್ಪೆ, ಹುಣಸೆ ಅದರ ಮರಗಳು. ಜಾಗ ಕೆರೆಯ ಹಿಂದೋ, ಹಳ್ಳದ ಮಗ್ಗುಲಲ್ಲೋ, ದಾರಿ ಸೇರುವಲ್ಲೋ ಇರುತ್ತದೆ. ಮಲಗುವ ಜಾಗ ಆರಿಸುವಲ್ಲಿ ಹಳಬರಿಗೆ ಖಚಿತ ತಿಳಿವಳಿಕೆ ಇತ್ತು: ಹೊಂಗೆಯ ನೆರಳು ತಂಪು, ಹುಣಸೆಯ ಕೆಳಗೆ ರಾತ್ರಿ ಮಲಗಬಾರದು, ಗಾಳಿಮಳೆಯ ದಿನಗಳಲ್ಲಿ ಗೋಣಿ, ಆಲದ ಒಣಕೊಂಬೆಯ ನೇರಕ್ಕೆ ತಲೆಯಿಡಬಾರದು, ಮುಂಗಾರು ಶುರುವಾದ ಮೇಲೆ ಹೊಳೆಯ ಮರಳು ಎಷ್ಟೇ ಮೆತ್ತಗಿದ್ದರೂ ಹಾಸಿಗೆ ದಂಡೆಯ ಮೇಲೆಯೇ. ಹುಣಸೆಯ ಮಾತು ನಂಬಿಕೆ, ಉಳಿದವು ಅನುಭವ.

ನೆರೆಯ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು ಇಂಥ ತೋಪುಗಳಿಗೆ ಎಂಥ ಆಯುಸ್ಸು ಸಾಧ್ಯ ಎಂಬುದಕ್ಕೆ ಸಾಕ್ಷಿ. ಕೆಲವು ಮರಗಳು ನಾಲ್ಕು ಶತಮಾನ ದಾಟಿವೆಯೆಂದು ಅಂದಾಜು. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಜಾತ್ರೆಯ ಬೀಡು

ತೋಪಿನ ವಾಸ್ತವ್ಯ ಇಂದಿಗೂ ಜೀವಂತವಾಗಿರುವುದು ದನಗಳ ಜಾತ್ರೆಯಲ್ಲಿ. ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಆಸುಪಾಸು ಸೇರುವ ಜಾತ್ರೆಗೆ ರೈತರು ಹಳ್ಳಿಕಾರ್ ಜೋಡಿಗಳನ್ನು ತಂದು ಮರದಡಿ, ಚಪ್ಪರದಡಿ ಕಟ್ಟುತ್ತಾರೆ. ಅಲ್ಲೇ ಮೂರು ಕಲ್ಲಿನ ಒಲೆ, ಅಲ್ಲೇ ಮುದ್ದೆ, ಎತ್ತಿನ ಪಕ್ಕದಲ್ಲೇ ಹುಲ್ಲಿನ ಮೇಲೆ ಹಾಸಿಗೆ.

ಈಗಿನ ಸ್ಥಿತಿ

ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ನುಗ್ಗುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಅಪರಾಧ. ಇದನ್ನು ಬರಿಯ ಕಟ್ಟಳೆಯೆಂದು ಬಗೆಯಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದೇವರಾಯನದುರ್ಗದ ಇಳಿಜಾರಿನ ಹುಲ್ಲು ಒಂದು ಕಿಡಿಗೆ ಕಾದಿರುತ್ತದೆ. ರೆಡ್‌ವುಡ್‌ನ ದಪ್ಪ ತೊಗಟೆ ನೆಲಬೆಂಕಿಯನ್ನು ತಡೆದುಕೊಳ್ಳುತ್ತದೆ. ಇಲ್ಲಿಯ ಎಳೆಯ ಜಾಲಾರಿ, ಶ್ರೀಗಂಧಗಳಿಗೆ ಆ ಶಕ್ತಿ ಇಲ್ಲ.

ಪ್ರಾಣಿಗಳ ವಿಷಯದಲ್ಲೂ ಅಮೆರಿಕದ ಕೈಪಿಡಿ ಇಲ್ಲಿ ನಡೆಯದು. ಅಲ್ಲಿಯ ಕಪ್ಪುಕರಡಿ ಊಟದ ವಾಸನೆಗೆ ಡೇರೆಗೆ ಬರುತ್ತದೆ, ಆಹಾರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರೆ ಬಹುಪಾಲು ಅಪಾಯ ಕಳೆಯುತ್ತದೆ. ನಮ್ಮ ಕರಡಿ ಗೆದ್ದಲು, ಜೇನು, ಕಾಡುಹಣ್ಣು ಹುಡುಕುತ್ತ ಮುಸ್ಸಂಜೆಯಿಂದ ಓಡಾಡುತ್ತದೆ. ಹಠಾತ್ತನೆ ಎದುರಾದರೆ ಮೇಲೆರಗುತ್ತದೆ. ಚಿರತೆಯ ಕಾಟ ಬೆಟ್ಟಕ್ಕಷ್ಟೇ ಸೀಮಿತವಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. ತೋಟಗಳ ಅಂಚಿನಲ್ಲಿ ಬಯಲಲ್ಲಿ ಮಲಗುವ ಅಭ್ಯಾಸ ಆ ಬಳಿಕ ಈ ಭಾಗದಲ್ಲಿ ಸುರಕ್ಷಿತವೆನ್ನಲಾಗದು.

ದೇವರಾಯನದುರ್ಗದಲ್ಲಿ ರಾತ್ರಿ ತಂಗಲು ಅತಿಥಿಗೃಹಗಳೇ ತಕ್ಕ ಜಾಗ. ಹೊಳೆ, ದೊಡ್ಡ ಮರ, ಡೇರೆ ಮೂರನ್ನೂ ಬಯಸುವವರು ಶಿಂಷೆಯ ಜೊತೆಗೇ ಕೆಳಗಿಳಿಯಬೇಕು. ಅದು ಕಾವೇರಿಯನ್ನು ಕೂಡಿದಲ್ಲಿಂದ ಮುಂದಕ್ಕೆ, ಕಾವೇರಿ ವನ್ಯಧಾಮದ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬೀಡುಗಳಿವೆ. ದಂಡೆಯುದ್ದಕ್ಕೂ ತೊರೆಮತ್ತಿಯ ಬೃಹತ್ ಮರಗಳಿವೆ.

ತೋಪುಗಳ ಗತಿ ಬೇರೆ. ಗಾಡಿ ಹೋಗಿ ಲಾರಿ ಬಂದ ಮೇಲೆ, ಜಾತ್ರೆಯ ದಿನಗಳನ್ನು ಬಿಟ್ಟರೆ, ಅವುಗಳಲ್ಲಿ ತಂಗುವವರಿಲ್ಲ. ಬಿದ್ದ ಮಾವಿನ ಜಾಗದಲ್ಲಿ ಹೊಸ ಸಸಿ ನೆಡುವವರೂ ವಿರಳ. ಒತ್ತುವರಿ, ನಿವೇಶನ, ಕಟ್ಟಡಗಳಿಗೆ ಹಲವು ತೋಪುಗಳು ಕರಗಿವೆ. ಊರಿನ ಸಾಮೂಹಿಕ ನೆಲಗಳ ಒತ್ತುವರಿ ತೆರವುಗೊಳಿಸಲು ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ಗುಬ್ಬಿ, ಕುಣಿಗಲ್ ಕಡೆಯ ಓದುಗರು ತಮ್ಮ ಊರಿನ ಗುಂಡುತೋಪಿನ ಸರ್ವೆ ನಂಬರು, ವಿಸ್ತೀರ್ಣಗಳನ್ನು ನಾಡಕಚೇರಿಯಲ್ಲಿ ಕೇಳಿ ಪಡೆಯಬಹುದು. ಅಳತೆ ಮಾಡಿಸಿ, ಉಳಿದ ನೆಲದಲ್ಲಿ ಈ ಮುಂಗಾರಿಗೇ ಹೊಂಗೆ, ನೇರಳೆ, ಮಾವಿನ ಸಸಿ ನೆಡಿಸುವಂತೆ ಗ್ರಾಮಸಭೆಯಲ್ಲಿ ಒತ್ತಾಯಿಸಬೇಕು.