ಕುಂತಿಯ ಕಣಿವೆ ಉಳಿದ ಬಗೆ

ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ನೀಲಗಿರಿಯ ನೈರುತ್ಯದ ಮಗ್ಗುಲಿನಲ್ಲಿ ಕುಂತಿಪ್ಪುಳ ಎಂಬ ಹೊಳೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದರ ಇಕ್ಕೆಲದ ಮಳೆಕಾಡೇ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನ. ಸ್ಥಳೀಯವಾಗಿ ಇದಕ್ಕೆ ಸೈರಂಧ್ರಿವನವೆಂದು ಹೆಸರು. ಸೈರಂಧ್ರಿಯೆಂದರೆ ವಿರಾಟನಗರಿಯಲ್ಲಿ ವೇಷ ಮರೆಸಿಕೊಂಡಿದ್ದ ದ್ರೌಪದಿ. ಹೊಳೆಗೆ ಅತ್ತೆಯ ಹೆಸರು, ಕಾಡಿಗೆ ಸೊಸೆಯ ಹೆಸರು! ಇಂಗ್ಲಿಷ್ ಹೆಸರಿನ ಬಗ್ಗೆ ಮಾತ್ರ ಒಮ್ಮತವಿಲ್ಲ. ಜೀರುಂಡೆಗಳ ಸದ್ದಿಲ್ಲದ್ದರಿಂದ 'ಮೌನ ಕಣಿವೆ'ಯಾಯಿತೆಂದು ಕೆಲವರು, ಸೈರಂಧ್ರಿಯೇ ಬ್ರಿಟಿಷರ ಬಾಯಲ್ಲಿ ಹಾಗಾಯಿತೆಂದು ಇನ್ನು ಕೆಲವರು ಹೇಳುತ್ತಾರೆ.

ಈ ಕಣಿವೆಯ ಭಾಗ್ಯಕ್ಕೂ ಆಪತ್ತಿಗೂ ಕಾರಣ ಒಂದೇ, ಅದರ ನೆಲದ ರಚನೆ. ಸುತ್ತಲೂ ಕಡಿದಾದ ಬೆಟ್ಟಗಳು. ಹೊಳೆ ಹೊರಬೀಳಲು ದಕ್ಷಿಣದಲ್ಲೊಂದು ಇಕ್ಕಟ್ಟಾದ ಕಂದರ. ಒಳಹೋಗುವುದೇ ಕಷ್ಟವಾದ್ದರಿಂದ ಕಾಡು ಉಳಿಯಿತು. 1914ರಲ್ಲಿ ಅದು ಮೀಸಲು ಅರಣ್ಯವೂ ಆಯಿತು. ಆದರೆ ಅದೇ ಕಂದರ ಎಂಜಿನಿಯರುಗಳಿಗೆ ಅಣೆಕಟ್ಟೆಗೆ ಹೇಳಿಮಾಡಿಸಿದ ಜಾಗವಾಗಿ ಕಂಡಿತು. 1973ರಲ್ಲಿ ಯೋಜನಾ ಆಯೋಗ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ನೀಡಿತು.

ಯೋಜನೆಯ ಪರವಾದ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಹಿಂದುಳಿದ ಮಲಬಾರಿಗೆ ವಿದ್ಯುತ್ತು, ನೀರಾವರಿ, ಕೆಲಸ ಬೇಕಿತ್ತು. ಮುಳುಗುವುದು ಸುಮಾರು 830 ಹೆಕ್ಟೇರು ಕಾಡು ಮಾತ್ರ ಎನ್ನಲಾಯಿತು. ಆದರೆ ಮುಳುಗಲಿದ್ದದ್ದು ಹೊಳೆಯಂಚಿನ ತಗ್ಗು, ಅಂದರೆ ಕಣಿವೆಯ ಹೃದಯಭಾಗ. ಜೊತೆಗೆ ಕಾಮಗಾರಿಯ ರಸ್ತೆಗಳು ಉಳಿದ ಕಾಡನ್ನೂ ಕೊಡಲಿಗೆ ತೆರೆದಿಡುತ್ತಿದ್ದವು.

ಶರಾವತಿ ಕೊಳ್ಳದಲ್ಲೂ ಕಾಣುವ ಸಿಂಗಳೀಕ ಈ ಅಪಾಯದ ಪ್ರತೀಕವಾಯಿತು. ಪಶ್ಚಿಮ ಘಟ್ಟಗಳ ಹೊರಗೆ ಇದರ ನೆಲೆಯಿಲ್ಲ. ಈ ಕೋತಿ ಬದುಕುವುದು ಹೆಚ್ಚಾಗಿ ಮರಗಳ ಮೇಲೆಯೇ. ವೆಡಿಪ್ಲಾವು ಮರದ, ಹಲಸನ್ನು ಹೋಲುವ ಮುಳ್ಳುಕಾಯಿ ಅದರ ಮುಖ್ಯ ಆಹಾರ. ಮರದಿಂದ ಮರಕ್ಕೆ ಹೆಣೆದುಕೊಂಡ ಮೇಲ್ಛಾವಣಿ ತುಂಡಾದರೆ ಅದರ ದಾರಿಯೇ ತುಂಡಾಗುತ್ತದೆ.

ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಯೋಜನೆಯ ಲೆಕ್ಕಾಚಾರವನ್ನೇ ಪರಿಶೀಲಿಸಿ, ವಿದ್ಯುತ್ತಿಗೆ ಬೇರೆ ದಾರಿಗಳಿವೆಯೆಂದು ವಾದಿಸಿತು. ಕವಯಿತ್ರಿ ಸುಗತಕುಮಾರಿ ಮತ್ತಿತರ ಸಾಹಿತಿಗಳು ಬೀದಿಗಿಳಿದರು; ಪಕ್ಷಿತಜ್ಞ ಸಲೀಂ ಅಲಿ ದನಿಗೂಡಿಸಿದರು. ಎಂ.ಜಿ.ಕೆ. ಮೆನನ್ ಸಮಿತಿಯ ವರದಿಯ ನಂತರ 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ನವೆಂಬರ್ 15ರಂದು 89.52 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 1985ರ ಸೆಪ್ಟೆಂಬರ್ 7ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಈ ಶತಮಾನದ ಆರಂಭದಲ್ಲಿ ಉದ್ಯಾನದ ಗಡಿಯ ಕೆಳಗೆ, ಪಾತ್ರಕ್ಕಡವಿನಲ್ಲಿ ಮತ್ತೊಂದು ಜಲವಿದ್ಯುತ್ ಪ್ರಸ್ತಾಪ ಬಂತು; ವಾದ ಮರುಕಳಿಸಿತು. 2007ರಲ್ಲಿ ಕೇರಳ ಸರ್ಕಾರ ಉದ್ಯಾನದ ಸುತ್ತಣ 148 ಚದರ ಕಿಲೋಮೀಟರನ್ನು ರಕ್ಷಾವಲಯವಾಗಿಸಲು ನಿರ್ಧರಿಸಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಣಿವೆಗೂ ಸ್ಥಾನ ದೊರೆಯಿತು.

ಶತಮಾನಗಳ ಕಾಲ ಕಣಿವೆಯನ್ನು ಕಾದದ್ದು ಬೆಟ್ಟಗಳು. ರಸ್ತೆ, ಯಂತ್ರಗಳು ಆ ಗೋಡೆಯನ್ನು ದಾಟಬಲ್ಲ ಕಾಲ ಬಂದಾಗ ಕಾವಲಿನ ಹೊಣೆ ಜನರ ಹೆಗಲಿಗೆ ಬಿತ್ತು. ಅವರು ಅದನ್ನು ಹೊತ್ತದ್ದರಿಂದಲೇ ಕುಂತಿಪ್ಪುಳ ಇಂದಿಗೂ ಆ ಕಂದರದಲ್ಲಿ ತಡೆಯಿಲ್ಲದೆ ಇಳಿದು, ಭಾರತಪ್ಪುಳದ ಮೂಲಕ ಕಡಲು ಸೇರುತ್ತಿದೆ.